ದಂಡ ಕಟ್ಟಿ ಕೈತೊಳೆಯಬಹುದೇ? ನಿಮ್ಮ ಮಾಹಿತಿ ಮತ್ತು ದೊಡ್ಡ ಕಂಪನಿಗಳ ಲೆಕ್ಕಾಚಾರ

ಹೊಸೂರಿನಿಂದ ರಾಯಕೋಟೆ ದಾರಿ ಹಿಡಿದರೆ ಸಿಗುವ ಕಾಡಂಚಿನ ಊರು ಸಾನಮಾವು. ಅಲ್ಲಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಹೊಸೂರಿನ ಕಾರ್ಖಾನೆಗೆ ಸೇರುವಾಗ ಆಧಾರ್, ಬ್ಯಾಂಕ್ ಪಾಸ್‌ಬುಕ್, ಬೆರಳಚ್ಚು ಎಲ್ಲವನ್ನೂ ಕೊಟ್ಟಿದ್ದಾಳೆ. ಮಗ ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದಾನೆ. ಇವತ್ತು ಹೊಸೂರಿನಲ್ಲೂ ಪೋಚಂಪಳ್ಳಿಯಲ್ಲೂ ತಯಾರಾಗುವ ಇಂಥ ಗಾಡಿಗಳು ಆ್ಯಪ್‌ಗೆ ಜೋಡಣೆಯಾಗಿಯೇ ಬರುತ್ತವೆ. ಗಾಡಿ ಎಲ್ಲಿ ಓಡಿತು, ಎಲ್ಲಿ ನಿಂತಿತು ಎಂಬುದು ದಾಖಲಾಗಬಲ್ಲದು. ಅಪ್ಪನಿಗೆ ಟೊಮೆಟೊ ದುಡ್ಡು ಫೋನಿಗೇ ಬರುತ್ತದೆ. ಅಮ್ಮನ ಹೆಸರಿನಲ್ಲಿ ಆರೋಗ್ಯ ವಿಮೆ ಇದೆ. ಸಕ್ಕರೆ ಕಾಯಿಲೆಯ ವಿವರವೂ ಆ ಅರ್ಜಿಯಲ್ಲಿದೆ. ವಾಟ್ಸ್‌ಆ್ಯಪ್ ಅಂತೂ ಎಲ್ಲರ ಫೋನಿನಲ್ಲೂ ಇದೆ.

ಇಷ್ಟೆಲ್ಲ ಮಾಹಿತಿ ಕಂಪನಿಗಳ ಕೈಯಲ್ಲಿದೆ. ಅವು ಅದನ್ನು ದುರ್ಬಳಕೆ ಮಾಡಿಕೊಂಡರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎಂದು ನಮ್ಮ ಹೊಸ ಕಾನೂನು ಹೇಳುತ್ತದೆ. ಕೇಳಲು ದೊಡ್ಡ ಮೊತ್ತವೇ. ಆದರೆ ದೊಡ್ಡ ಕಂಪನಿ ಇದಕ್ಕೆ ಹೆದರುತ್ತದೆಯೇ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬರೀ ದಂಡವಾದರೆ ದೊಡ್ಡ ಕಂಪನಿ ಅದನ್ನು ಖರ್ಚಿನ ಪಟ್ಟಿಗೆ ಸೇರಿಸಿಕೊಂಡು ಮುಂದೆ ಹೋಗುತ್ತದೆ. ದಂಡದ ಜೊತೆಗೆ ವ್ಯಾಪಾರಕ್ಕೆ ಕಡಿವಾಣ ಬಿದ್ದರೆ, ಇಲ್ಲವೇ ಗ್ರಾಹಕರೇ ಎದ್ದು ಹೊರಟರೆ, ಅದು ಬಗ್ಗುತ್ತದೆ. ಇದು ಹೇಗೆ ಎಂದು ಒಂದೊಂದಾಗಿ ನೋಡೋಣ. ಕೊನೆಯಲ್ಲಿ ಹೊಸೂರು, ಕೃಷ್ಣಗಿರಿ ಕಡೆಯವರು ಎಲ್ಲಿ ದೂರು ಕೊಡಬೇಕು, ಎಷ್ಟು ಖರ್ಚಾಗುತ್ತದೆ ಎಂಬುದನ್ನೂ ಹೇಳುತ್ತೇನೆ.

ವೈಯಕ್ತಿಕ ಮಾಹಿತಿ ಎಂದರೆ ಏನು?

ಇದು ನೀವೇ ಎಂದು ಗುರುತು ಹಿಡಿಯಲು ನೆರವಾಗುವ ಯಾವ ವಿವರವಾದರೂ ವೈಯಕ್ತಿಕ ಮಾಹಿತಿಯೇ. ಹೆಸರು, ಫೋನ್ ನಂಬರ್, ವಿಳಾಸ, ಫೋಟೋ, ಬ್ಯಾಂಕ್ ಖಾತೆ, ಕಾಯಿಲೆಯ ವರದಿ, ನೀವು ಓಡಾಡಿದ ಜಾಗ ಎಲ್ಲವೂ ಇದರಲ್ಲಿ ಬರುತ್ತವೆ. ಇದನ್ನೇ 'ಪರ್ಸನಲ್ ಡೇಟಾ' ಎನ್ನುತ್ತಾರೆ.

ದುರ್ಬಳಕೆ ಮೂರು ಬಗೆಯಲ್ಲಿ ಆಗುತ್ತದೆ. ಒಂದು, ಯಾವುದೋ ಕೆಲಸಕ್ಕೆಂದು ಪಡೆದು ಇನ್ನಾವುದಕ್ಕೋ ಬಳಸುವುದು. ಸಾಲಕ್ಕೆಂದು ಕೊಟ್ಟ ನಂಬರಿಗೆ ನಿವೇಶನ ಮಾರುವವರ ಕರೆ ಬಂದರೆ ಅದು ಇದೇ. ಎರಡು, ಕೇಳದೆಯೇ ತೆಗೆದುಕೊಳ್ಳುವುದು. ಟಾರ್ಚ್ ಆ್ಯಪ್‌ಗೆ ನಿಮ್ಮ ಫೋನಿನ ನಂಬರ್ ಪಟ್ಟಿ ಏಕೆ ಬೇಕು? ಮೂರು, ಸರಿಯಾಗಿ ಕಾಯದೆ ಕಳ್ಳರ ಪಾಲಾಗಲು ಬಿಡುವುದು. ಇದಕ್ಕೆ 'ಡೇಟಾ ಬ್ರೀಚ್', ಅಂದರೆ ಮಾಹಿತಿ ಸೋರಿಕೆ ಎಂದು ಹೆಸರು.

ಕಾನೂನು ಎಲ್ಲಿಂದ ಬಂತು?

ಇದರ ಮೂಲದಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಇದ್ದಾರೆ. ಬೆಂಗಳೂರಿನ ಈ ಹಿರಿಯರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಬಳಿಕ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕರಡು ಕಾನೂನು ಕೊಟ್ಟಿತು. ಅದು ಹಲವು ಸಲ ತಿದ್ದುಪಡಿಯಾಗಿ, 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಾಯಿತು. ಡಿಪಿಡಿಪಿ ಕಾಯ್ದೆ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ.

ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಎಲ್ಲವೂ ಒಂದೇ ದಿನ ಜಾರಿಗೆ ಬರುವುದಿಲ್ಲ. ದೂರು ಕೇಳುವ 'ಡೇಟಾ ಸಂರಕ್ಷಣಾ ಮಂಡಳಿ'ಯ ರಚನೆಗೆ ಮೊದಲು ಚಾಲನೆ ಸಿಕ್ಕಿತು. ಕಂಪನಿಗಳ ಮುಖ್ಯ ಹೊಣೆಗಳು ಮತ್ತು ದಂಡದ ಕಲಮುಗಳು ಹದಿನೆಂಟು ತಿಂಗಳ ಬಳಿಕ, ಅಂದರೆ ನಿಯಮಗಳ ಪ್ರಕಾರ 2027ರ ಮೇ ತಿಂಗಳಲ್ಲಿ, ಜಾರಿಯಾಗುತ್ತವೆ. ಅಲ್ಲಿಯವರೆಗೆ ಹಳೆಯ ಕಾನೂನುಗಳೇ ನಮಗೆ ಆಸರೆ.

ದಂಡ ಎಷ್ಟು? ಹೇಗೆ ಹಾಕುತ್ತಾರೆ?

ಹೊಸ ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಮಾಹಿತಿಯನ್ನು ಸರಿಯಾಗಿ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಸೋರಿಕೆಯಾದದ್ದನ್ನು ಮಂಡಳಿಗೂ ನಿಮಗೂ ತಿಳಿಸದೆ ಮುಚ್ಚಿಟ್ಟರೆ 200 ಕೋಟಿವರೆಗೆ. ಹದಿನೆಂಟು ತುಂಬದ ಮಕ್ಕಳ ಮಾಹಿತಿಯಲ್ಲಿ ನಿಯಮ ಮೀರಿದರೆ ಅದಕ್ಕೂ 200 ಕೋಟಿವರೆಗೆ. ಬಹಳ ದೊಡ್ಡ ಪ್ರಮಾಣದಲ್ಲಿ ಮಾಹಿತಿ ಇಟ್ಟುಕೊಂಡ ಕಂಪನಿಗಳನ್ನು ಸರ್ಕಾರ ಹೆಸರಿಸಬಹುದು. ಅಂಥವು ತಮ್ಮ ವಿಶೇಷ ಹೊಣೆಗಳಲ್ಲಿ ತಪ್ಪಿದರೆ 150 ಕೋಟಿವರೆಗೆ. ಉಳಿದ ತಪ್ಪುಗಳಿಗೆ 50 ಕೋಟಿವರೆಗೆ.

ಇವೆಲ್ಲವೂ ಗರಿಷ್ಠ ಮಿತಿಗಳು. 'ವರೆಗೆ' ಎಂಬುದನ್ನು ಮರೆಯಬೇಡಿ. ಮಂಡಳಿ ಎರಡೂ ಕಡೆಯ ಮಾತು ಕೇಳಬೇಕು. ತಪ್ಪು ಎಷ್ಟು ಗಂಭೀರ, ಎಷ್ಟು ದಿನ ನಡೆಯಿತು, ಮತ್ತೆ ಮತ್ತೆ ಆಯಿತೇ, ಅದರಿಂದ ಕಂಪನಿಗೆ ಲಾಭ ಬಂತೇ, ಸರಿಪಡಿಸಲು ಏನು ಮಾಡಿತು ಎಂಬುದನ್ನೆಲ್ಲ ತೂಗಿ ಮೊತ್ತ ನಿಗದಿ ಮಾಡಬೇಕು. ಕಂಪನಿ 'ಇನ್ನು ಹೀಗೆ ಮಾಡುವುದಿಲ್ಲ' ಎಂದು ಸ್ವಯಂ ಮುಚ್ಚಳಿಕೆ ಬರೆದುಕೊಟ್ಟು ವಿಚಾರಣೆಯಿಂದ ಪಾರಾಗಲೂ ದಾರಿ ಇದೆ. ದಂಡ ಬಿದ್ದರೆ ದೆಹಲಿಯ ಟಿಡಿಸ್ಯಾಟ್ ಎಂಬ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಬಹುದು.

ದೊಡ್ಡವರಿಗೆ 250 ಕೋಟಿ ಎಂದರೆ ಎಷ್ಟು ಹೊತ್ತಿನ ಗಳಿಕೆ?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳ ಒಡೆಯ ಮೆಟಾ ಕಂಪನಿ. 2024ರಲ್ಲಿ ಅದರ ಜಾಗತಿಕ ವರಮಾನ ಸುಮಾರು 16,450 ಕೋಟಿ ಡಾಲರ್. ವರ್ಷದ ಗಂಟೆಗಳಿಂದ ಭಾಗಿಸಿದರೆ ಗಂಟೆಗೆ ಸುಮಾರು 158 ಕೋಟಿ ರೂಪಾಯಿ ಆಗುತ್ತದೆ. ಹಾಗಾದರೆ 250 ಕೋಟಿ ಎಂದರೆ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚಿನ ಗಳಿಕೆ. ಅದೇ ಮೊತ್ತ ಹೊಸೂರಿನ ಒಂದು ಸಣ್ಣ ಆಸ್ಪತ್ರೆಗೆ ಬಿದ್ದರೆ ಅದು ಬಾಗಿಲು ಹಾಕಬೇಕಾಗುತ್ತದೆ. ಸಣ್ಣವರಿಗೆ ಅಷ್ಟು ದಂಡ ಹಾಕುವುದಿಲ್ಲ ನಿಜ. ದಂಡ ತಪ್ಪಿಗೆ ತಕ್ಕಂತಿರಬೇಕು ಎಂದು ಕಾನೂನೇ ಹೇಳುತ್ತದೆ. ಆದರೆ ಮೇಲ್ಮಿತಿ ಎಲ್ಲರಿಗೂ ಒಂದೇ ಆದ್ದರಿಂದ, ಕಂಪನಿ ದೊಡ್ಡದಾದಷ್ಟೂ ದಂಡದ ಬಿಸಿ ಕಡಿಮೆಯಾಗುತ್ತದೆ.

ಇದು ಹೀಗೆಯೇ ಇರಬೇಕೆಂದೇನಿರಲಿಲ್ಲ. ಯುರೋಪಿನಲ್ಲಿ 2018ರ ಮೇ 25ರಂದು ಜಾರಿಗೆ ಬಂದ ಜಿಡಿಪಿಆರ್ ಎಂಬ ಕಾನೂನಿದೆ. ಗಂಭೀರ ತಪ್ಪಿಗೆ 2 ಕೋಟಿ ಯೂರೋ ಅಥವಾ ಕಂಪನಿಯ ಜಾಗತಿಕ ವಾರ್ಷಿಕ ವಹಿವಾಟಿನ ಶೇ 4, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ಅಲ್ಲಿ ದಂಡ ಹಾಕಬಹುದು. ಮೆಟಾದ 2024ರ ವಹಿವಾಟಿಗೆ ಶೇ 4 ಎಂದರೆ ಸುಮಾರು 55 ಸಾವಿರ ಕೋಟಿ ರೂಪಾಯಿ. ನಮ್ಮ 2019ರ ಮಸೂದೆಯಲ್ಲೂ ಇದೇ ಮಾದರಿ ಇತ್ತು: 15 ಕೋಟಿ ರೂಪಾಯಿ ಅಥವಾ ಜಾಗತಿಕ ವಹಿವಾಟಿನ ಶೇ 4. ಅಂತಿಮ ಕಾಯ್ದೆಯಲ್ಲಿ ಶೇಕಡಾವಾರು ಹೋಯಿತು, ನಿಗದಿತ ಮೊತ್ತ ಉಳಿಯಿತು.

ವಾಟ್ಸ್‌ಆ್ಯಪ್ ಪ್ರಕರಣ ಏನು ಕಲಿಸುತ್ತದೆ?

ನಮ್ಮೆಲ್ಲರ ಫೋನಿಗೆ ಸಂಬಂಧಿಸಿದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ 'ಪ್ರೈವೆಸಿ ಪಾಲಿಸಿ'ಯನ್ನು, ಅಂದರೆ ಮಾಹಿತಿ ಬಳಕೆಯ ಷರತ್ತುಗಳನ್ನು, ಬದಲಿಸಿತು. ಫೆಬ್ರುವರಿ 8ರೊಳಗೆ ಒಪ್ಪಿಕೊಳ್ಳಿ ಎಂದಿತು. ಒಪ್ಪದವರಿಗೆ ಬೇರೆ ಆಯ್ಕೆ ಇರಲಿಲ್ಲ. ಜನರಿಗೆ ಸಿಟ್ಟು ಬಂತು. ಲಕ್ಷಾಂತರ ಮಂದಿ ಸಿಗ್ನಲ್, ಟೆಲಿಗ್ರಾಂ ಆ್ಯಪ್‌ಗಳನ್ನು ಇಳಿಸಿಕೊಂಡರು. ಕೆಲವೇ ದಿನಗಳಲ್ಲಿ ವಾಟ್ಸ್‌ಆ್ಯಪ್ ಗಡುವನ್ನು ಮೇ 15ಕ್ಕೆ ಮುಂದೂಡಿತು. ಆಗ ಯಾರೂ ದಂಡ ಹಾಕಿರಲಿಲ್ಲ.

ದಂಡ ಬಂದದ್ದು 2024ರ ನವೆಂಬರ್ 18ರಂದು. ಭಾರತೀಯ ಸ್ಪರ್ಧಾ ಆಯೋಗ ಮೆಟಾಕ್ಕೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಸ್ಪರ್ಧಾ ಆಯೋಗ ಎಂದರೆ ಮಾರುಕಟ್ಟೆಯಲ್ಲಿ ದೊಡ್ಡವರು ತಮ್ಮ ಬಲವನ್ನು ದುರುಪಯೋಗ ಮಾಡದಂತೆ ನೋಡಿಕೊಳ್ಳುವ ಸಂಸ್ಥೆ. ಮೇಲಿನ ಲೆಕ್ಕದಲ್ಲಿ ಆ ದಂಡ ಮೆಟಾದ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷದ ವರಮಾನ. ಅದೇ ಆದೇಶದಲ್ಲಿ ಇನ್ನೊಂದು ಅಂಶವಿತ್ತು: ವಾಟ್ಸ್‌ಆ್ಯಪ್ ಮಾಹಿತಿಯನ್ನು ಐದು ವರ್ಷ ಜಾಹೀರಾತಿಗಾಗಿ ಮೆಟಾದ ಬೇರೆ ಕಂಪನಿಗಳಿಗೆ ಕೊಡಬಾರದು. ಮೆಟಾಕ್ಕೆ ನಿಜವಾಗಿ ತಾಗುವ ಅಂಶ ಇದೇ. ಏಕೆಂದರೆ ಅದರ ಗಳಿಕೆಯ ಬಹುಪಾಲು ಜಾಹೀರಾತಿನದು.

ಕಂಪನಿ ಮೇಲ್ಮನವಿಗೆ ಹೋಯಿತು. 2025ರ ನವೆಂಬರ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ 213 ಕೋಟಿ ದಂಡವನ್ನು ಎತ್ತಿಹಿಡಿಯಿತು. ಐದು ವರ್ಷದ ನಿಷೇಧವನ್ನು ಮಾತ್ರ ತೆಗೆದುಹಾಕಿತು. ಮಾಹಿತಿ ಹಂಚಿಕೆಯಲ್ಲಿ ಬಳಕೆದಾರರಿಗೆ ಆಯ್ಕೆ ಇರಬೇಕು ಎಂಬ ನಿರ್ದೇಶನಗಳು ಉಳಿದವು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ.

ಈ ಪ್ರಕರಣದ ಕ್ರಮ ಗಮನಿಸಿ. ಗ್ರಾಹಕರು ಕದಲಿದಾಗ ಕಂಪನಿ ದಿನಗಳಲ್ಲೇ ಹಿಂಜರಿಯಿತು. ಸರ್ಕಾರಿ ದಂಡ ಬರಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಬಂದ ಮೇಲೂ ತಕರಾರು ಮುಗಿಯಲಿಲ್ಲ.

ಹೊರಗಿನ ದೇಶಗಳಲ್ಲಿ ಏನಾಯಿತು?

2018ರಲ್ಲಿ ಕೇಂಬ್ರಿಜ್ ಅನಲಿಟಿಕಾ ಹಗರಣ ಹೊರಬಿತ್ತು. ಫೇಸ್‌ಬುಕ್‌ನ ಸುಮಾರು 8.7 ಕೋಟಿ ಬಳಕೆದಾರರ ಮಾಹಿತಿ ಒಂದು ರಾಜಕೀಯ ಸಲಹಾ ಸಂಸ್ಥೆಯ ಕೈ ಸೇರಿತ್ತು. ಅವರಲ್ಲಿ ಭಾರತದವರೇ 5.6 ಲಕ್ಷ ಮಂದಿ ಇರಬಹುದು ಎಂದು ಕಂಪನಿಯೇ ಹೇಳಿತು. ಬ್ರಿಟನ್ ಹಾಕಿದ ದಂಡ 5 ಲಕ್ಷ ಪೌಂಡ್. ಅಲ್ಲಿನ ಹಳೆಯ ಕಾನೂನಿನಲ್ಲಿ ಅದೇ ಗರಿಷ್ಠ. ಫೇಸ್‌ಬುಕ್‌ನ ಆ ವರ್ಷದ ವರಮಾನದ ಲೆಕ್ಕದಲ್ಲಿ ಅದು ಸುಮಾರು ಆರು ನಿಮಿಷದ ಗಳಿಕೆ.

ಅಮೆರಿಕ ಹಾಗೆ ಬಿಡಲಿಲ್ಲ. 2019ರ ಜುಲೈನಲ್ಲಿ 500 ಕೋಟಿ ಡಾಲರ್ ದಂಡ ಹಾಕಿತು. ಫೇಸ್‌ಬುಕ್‌ನ ಹಿಂದಿನ ವರ್ಷದ ವರಮಾನದ ಶೇ 9ರಷ್ಟು. ಆದರೂ ಆ ಮೊತ್ತದ ಸುದ್ದಿ ಹೊರಬಿದ್ದ ದಿನ ಕಂಪನಿಯ ಷೇರು ಬೆಲೆ ಇಳಿಯಲಿಲ್ಲ, ಏರಿತು. ಹೂಡಿಕೆದಾರರ ಎಣಿಕೆ ಸರಳ: ದಂಡ ಎಷ್ಟೆಂದು ತಿಳಿದುಹೋಯಿತು, ವ್ಯಾಪಾರದ ಮೂಲ ಹಾಗೇ ಉಳಿಯಿತು.

ಯುರೋಪಿನಲ್ಲಿ ದೊಡ್ಡ ದಂಡಗಳಿಗೆ ಕೊರತೆಯಿಲ್ಲ. 2021ರಲ್ಲಿ ಅಮೆಜಾನ್‌ಗೆ 74.6 ಕೋಟಿ ಯೂರೋ, 2023ರ ಮೇನಲ್ಲಿ ಮೆಟಾಕ್ಕೆ 120 ಕೋಟಿ ಯೂರೋ, 2025ರ ಮೇನಲ್ಲಿ ಟಿಕ್‌ಟಾಕ್‌ಗೆ 53 ಕೋಟಿ ಯೂರೋ. ಆದರೆ ಘೋಷಣೆಯಾದ ದಂಡ ಬೇರೆ, ಕೈಗೆ ಬಂದ ದಂಡ ಬೇರೆ. ಮೇಲ್ಮನವಿಗಳು ವರ್ಷಗಟ್ಟಲೆ ನಡೆಯುತ್ತವೆ. ಬ್ರಿಟಿಷ್ ಏರ್‌ವೇಸ್‌ಗೆ 2019ರಲ್ಲಿ 18.3 ಕೋಟಿ ಪೌಂಡ್ ದಂಡ ಹಾಕುವುದಾಗಿ ಹೇಳಿದ ಬ್ರಿಟನ್, 2020ರಲ್ಲಿ ಅದನ್ನು 2 ಕೋಟಿ ಪೌಂಡ್‌ಗೆ ಇಳಿಸಿತು.

ಹಾಗಾದರೆ ನಾಟುವುದು ಯಾವುದು?

ಮೊದಲನೆಯದು ಗಡುವು ಇರುವ ದಿನವಹಿ ದಂಡ. ಜಾಲತಾಣಗಳಲ್ಲಿ 'ಕುಕಿ' ಎಂಬುದಿದೆ. ನೀವು ಏನೇನು ನೋಡಿದಿರಿ ಎಂದು ನೆನಪಿಟ್ಟುಕೊಳ್ಳಲು ನಿಮ್ಮ ಫೋನಿನಲ್ಲಿ ಕೂರುವ ಸಣ್ಣ ಕಡತ ಅದು. ಗೂಗಲ್ ತಾಣಗಳಲ್ಲಿ ಇದನ್ನು ಒಪ್ಪಲು ಒಂದು ಒತ್ತು ಸಾಕಾಗಿತ್ತು; ಬೇಡವೆನ್ನಲು ಹಲವು ಬೇಕಿತ್ತು. 2022ರ ಜನವರಿಯಲ್ಲಿ ಫ್ರಾನ್ಸ್ 15 ಕೋಟಿ ಯೂರೋ ದಂಡ ಘೋಷಿಸಿತು. ಜೊತೆಗೆ, ಮೂರು ತಿಂಗಳಲ್ಲಿ ಸರಿಪಡಿಸದಿದ್ದರೆ ಆಮೇಲೆ ದಿನಕ್ಕೆ 1 ಲಕ್ಷ ಯೂರೋ ಎಂದಿತು. ಏಪ್ರಿಲ್‌ನಲ್ಲಿ ಗೂಗಲ್ 'ಎಲ್ಲವನ್ನೂ ನಿರಾಕರಿಸು' ಎಂಬ ಗುಂಡಿಯನ್ನು ತಂದಿತು.

ಎರಡನೆಯದು ಹೊಸ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆಯುವುದು. ಪಾವತಿಯ ಮಾಹಿತಿಯನ್ನು ಭಾರತದಲ್ಲೇ ಇಡಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೇಳಿತ್ತು. ಮಾಸ್ಟರ್‌ಕಾರ್ಡ್ ಅದನ್ನು ಪೂರ್ತಿ ಪಾಲಿಸಲಿಲ್ಲ. 2021ರ ಜುಲೈ 22ರಿಂದ ಹೊಸ ಗ್ರಾಹಕರನ್ನು ಸೇರಿಸುವಂತಿಲ್ಲ ಎಂದು ಆದೇಶ ಬಂತು. ಕಂಪನಿ ವ್ಯವಸ್ಥೆ ಸರಿಪಡಿಸಿತು. 2022ರ ಜೂನ್‌ನಲ್ಲಿ ತಡೆ ತೆರವಾಯಿತು. ಇದು ದುರ್ಬಳಕೆಯ ಪ್ರಕರಣವಲ್ಲ, ನಿಯಮ ಪಾಲನೆಯದು. ಆದರೆ ಮೂರು ವರ್ಷ ಆಗದ ಕೆಲಸ ಒಂದು ವರ್ಷದೊಳಗೆ ಆಯಿತು.

ಮೂರನೆಯದು ಅಧಿಕಾರಿಗಳ ಕಿಸೆಗೂ ಕೈಹಾಕುವುದು. ಚೀನಾದ ಡಿಡಿ ಎಂಬ ಬಾಡಿಗೆ ಕಾರು ಕಂಪನಿಗೆ 2022ರಲ್ಲಿ 800 ಕೋಟಿ ಯುವಾನ್‌ಗೂ ಹೆಚ್ಚು ದಂಡ ಬಿತ್ತು. ಅದರ ಇಬ್ಬರು ಮುಖ್ಯಸ್ಥರಿಗೆ ತಲಾ 10 ಲಕ್ಷ ಯುವಾನ್ ಬೇರೆ. ಅದಕ್ಕೂ ಒಂದು ವರ್ಷ ಮೊದಲೇ ಅದರ ಆ್ಯಪನ್ನು ಆ್ಯಪ್ ಅಂಗಡಿಗಳಿಂದ ತೆಗೆಸಲಾಗಿತ್ತು. ಅಲ್ಲಿನ ಸರ್ಕಾರದ ರೀತಿ ನಮಗೆ ಮಾದರಿಯಾಗಬೇಕಿಲ್ಲ. ಆದರೆ ದಂಡ, ತಡೆ, ವೈಯಕ್ತಿಕ ಹೊಣೆ ಮೂರೂ ಸೇರಿದಾಗ ಕಂಪನಿಗೆ ನುಣುಚಿಕೊಳ್ಳಲು ಜಾಗ ಸಿಗುವುದಿಲ್ಲ.

ನಾಲ್ಕನೆಯದು ನಿಮ್ಮ 'ಬೇಡ'. 2021ರ ಏಪ್ರಿಲ್‌ನಲ್ಲಿ ಆಪಲ್ ತನ್ನ ಐಫೋನ್‌ನಲ್ಲಿ ಒಂದು ಪ್ರಶ್ನೆ ಸೇರಿಸಿತು. ಈ ಆ್ಯಪ್ ಬೇರೆ ಆ್ಯಪ್‌ಗಳಲ್ಲೂ ನಿಮ್ಮ ಬೆನ್ನು ಹತ್ತಬಹುದೇ ಎಂದು ಅದು ಕೇಳುತ್ತದೆ. ಬಹಳಷ್ಟು ಜನ 'ಬೇಡ' ಎಂದು ಒತ್ತಿದರು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ವರಮಾನ ಹೋಗಬಹುದು ಎಂದು ಮೆಟಾ ಅಧಿಕಾರಿಗಳೇ ಹೇಳಿದರು. ಮರುದಿನ ಷೇರು ಬೆಲೆ ಶೇ 26ರಷ್ಟು ಕುಸಿಯಿತು. ಅಮೆರಿಕ ಸರ್ಕಾರದ ದಂಡಕ್ಕಿಂತ ಎರಡು ಪಟ್ಟು ಪೆಟ್ಟು ಕೊಟ್ಟದ್ದು ಫೋನಿನ ಪರದೆಯ ಮೇಲಿನ ಒಂದು ಪ್ರಶ್ನೆ.

ಅಂದರೆ ದಂಡ ವ್ಯರ್ಥವೇ?

ಇಲ್ಲ. ಮಧ್ಯಮ ಗಾತ್ರದ ಕಂಪನಿ, ಆಸ್ಪತ್ರೆ, ಶಾಲೆ, ಫೈನಾನ್ಸ್ ಸಂಸ್ಥೆಗಳಿಗೆ ದಂಡದ ಭಯ ಚೆನ್ನಾಗಿಯೇ ತಟ್ಟುತ್ತದೆ. ನಮ್ಮ ಮಾಹಿತಿಯ ದೊಡ್ಡ ಪಾಲು ಇಂಥವರ ಕೈಯಲ್ಲೂ ಇದೆ. ದೊಡ್ಡ ಕಂಪನಿಗಳ ವಿಷಯದಲ್ಲೂ ದಂಡ ಒಂದು ದಾಖಲೆಯಾಗುತ್ತದೆ. ನಮ್ಮ ಕಾಯ್ದೆಯ 37ನೇ ಕಲಮು ಇಲ್ಲಿ ಮುಖ್ಯ. ಒಂದು ಕಂಪನಿಗೆ ಎರಡು ಅಥವಾ ಹೆಚ್ಚು ಸಲ ದಂಡ ಬಿದ್ದಿದ್ದರೆ, ಮಂಡಳಿಯ ಸಲಹೆಯ ಮೇರೆಗೆ ಕೇಂದ್ರ ಸರ್ಕಾರ ಆ ಕಂಪನಿಯ ಆ್ಯಪ್ ಅಥವಾ ಜಾಲತಾಣವನ್ನೇ ದೇಶದಲ್ಲಿ ತಡೆಹಿಡಿಯಬಹುದು. ದೊಡ್ಡವರು ಹೆದರಬೇಕಾದದ್ದು 250 ಕೋಟಿಗಿಂತ ಹೆಚ್ಚಾಗಿ ಇದಕ್ಕೆ. ಎರಡನೇ ದಂಡ ಬೀಳಬೇಕಾದರೆ ಮೊದಲನೆಯದು ಬಿದ್ದಿರಬೇಕು. ಮೊದಲನೆಯದು ಬೀಳಲು ಜನರ ದೂರು ಒಂದು ಮುಖ್ಯ ದಾರಿ.

ದಂಡದ ದುಡ್ಡು ನನಗೆ ಸಿಗುತ್ತದೆಯೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ: ಇಲ್ಲ. ಡಿಪಿಡಿಪಿ ಕಾಯ್ದೆಯ ದಂಡವೆಲ್ಲ ಭಾರತದ ಸಂಚಿತ ನಿಧಿಗೆ, ಅಂದರೆ ಕೇಂದ್ರದ ಖಜಾನೆಗೆ ಹೋಗುತ್ತದೆ. ಸಾನಮಾವು ಕಾಡಿನ ಆನೆ ರಾಗಿ ಹೊಲ ತುಳಿದರೆ ಅರಣ್ಯ ಇಲಾಖೆಯ ಪರಿಹಾರ, ತಡವಾದರೂ ಕಡಿಮೆಯಾದರೂ, ಹೊಲದವರ ಹೆಸರಿಗೇ ಬರುತ್ತದೆ. ಮಾಹಿತಿ ಕಳೆದುಕೊಂಡವರಿಗೆ ಹೊಸ ಕಾಯ್ದೆಯಲ್ಲಿ ಅಂಥ ವ್ಯವಸ್ಥೆ ಇಲ್ಲ.

ತಮಿಳುನಾಡಿನದೇ ಒಂದು ಉದಾಹರಣೆ ನೋಡಿ. ಚೆನ್ನೈ ಮೂಲದ ಸ್ಟಾರ್ ಹೆಲ್ತ್ ವಿಮಾ ಕಂಪನಿಯ ಗ್ರಾಹಕರ ವಿವರಗಳು 2024ರಲ್ಲಿ ಟೆಲಿಗ್ರಾಂನಲ್ಲಿ ಕಾಣಿಸಿಕೊಂಡವು. 3.1 ಕೋಟಿ ಜನರ ಮಾಹಿತಿ ತನ್ನ ಬಳಿ ಇದೆ ಎಂದು ಕದ್ದವನು ಹೇಳಿಕೊಂಡ. ಕಂಪನಿ ಮದ್ರಾಸ್ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿತು. ಸೈಬರ್ ಭದ್ರತಾ ಮಾರ್ಗಸೂಚಿ ಉಲ್ಲಂಘಿಸಿದ್ದಕ್ಕಾಗಿ 2025ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಕಂಪನಿಗೆ 3.39 ಕೋಟಿ ರೂಪಾಯಿ ದಂಡ ಹಾಕಿತು. ಕದ್ದವನ ಲೆಕ್ಕವನ್ನೇ ಹಿಡಿದರೆ ತಲೆಗೆ ಒಂದು ರೂಪಾಯಿ ಚಿಲ್ಲರೆ. ಅದೂ ಗ್ರಾಹಕರ ಕೈಗೆ ಬರುವ ದುಡ್ಡಲ್ಲ.

ಅಮೆರಿಕದ ಇಲಿನಾಯ್ ರಾಜ್ಯ ಬೇರೆ ದಾರಿ ಹಿಡಿದಿದೆ. ಮುಖ, ಬೆರಳಚ್ಚಿನಂಥ ಗುರುತುಗಳನ್ನು ಒಪ್ಪಿಗೆಯಿಲ್ಲದೆ ಬಳಸಿದರೆ ಅಲ್ಲಿನ 2008ರ ಕಾನೂನಿನಡಿ ಜನರೇ ಮೊಕದ್ದಮೆ ಹೂಡಬಹುದು. ಫೇಸ್‌ಬುಕ್ 65 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಅರ್ಜಿ ಹಾಕಿದ ಜನರಿಗೆ ತಲಾ 300 ಡಾಲರ್‌ಗೂ ಹೆಚ್ಚು ಸಿಕ್ಕಿತು. 2021ರ ನವೆಂಬರ್‌ನಲ್ಲಿ ಕಂಪನಿ ತನ್ನ ಮುಖ ಗುರುತಿಸುವ ವ್ಯವಸ್ಥೆಯನ್ನೇ ನಿಲ್ಲಿಸಿತು.

ನಮಗೂ ಒಂದು ಬಾಗಿಲು ಸದ್ಯಕ್ಕೆ ತೆರೆದಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಡಿ, ಬ್ಯಾಂಕ್ ವಿವರ, ಆರೋಗ್ಯ ವಿವರ, ಪಾಸ್‌ವರ್ಡ್‌ನಂಥ ಸೂಕ್ಷ್ಮ ಮಾಹಿತಿಯನ್ನು ಕಂಪನಿ ಅಸಡ್ಡೆಯಿಂದ ಕಾಯದೆ ನಿಮಗೆ ನಷ್ಟವಾದರೆ ಪರಿಹಾರ ಕೇಳಬಹುದು. ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಈ ಕಲಮು ರದ್ದಾಗುತ್ತದೆ. 5 ಕೋಟಿ ರೂಪಾಯಿವರೆಗಿನ ಅರ್ಜಿಯನ್ನು ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ ಕೇಳುತ್ತಾರೆ. ನಮಗೆ ಅದು ಚೆನ್ನೈ. ಇದೇ ಕಾಯ್ದೆಯ ಬೇರೆ ಕಲಮುಗಳಡಿ, ಮೋಸದ ಇಮೇಲ್‌ನಿಂದ ಹಣ ಕಳೆದುಕೊಂಡ ಗ್ರಾಹಕರೊಬ್ಬರಿಗೆ 12.85 ಲಕ್ಷ ರೂಪಾಯಿ ಕೊಡುವಂತೆ ಐಸಿಐಸಿಐ ಬ್ಯಾಂಕಿಗೆ 2010ರಲ್ಲಿ ಆದೇಶವಾದದ್ದು ಚೆನ್ನೈನಲ್ಲೇ.

ಎಲ್ಲಿ ದೂರು ಕೊಡಬೇಕು? ಎಷ್ಟು ಖರ್ಚು?

ಮೊದಲು ಕಂಪನಿಗೇ ಬರೆಯಿರಿ. ಪ್ರತಿ ಕಂಪನಿಯ ಆ್ಯಪ್ ಅಥವಾ ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿಯ ವಿಳಾಸ ಹುಡುಕಿ. ನನ್ನ ಯಾವ ಮಾಹಿತಿ ನಿಮ್ಮಲ್ಲಿದೆ, ಯಾರಿಗೆ ಕೊಟ್ಟಿದ್ದೀರಿ, ಬೇಡವಾದದ್ದನ್ನು ಅಳಿಸಿ ಎಂದು ಇಮೇಲ್ ಮಾಡಿ. ಪ್ರತಿ ಇಟ್ಟುಕೊಳ್ಳಿ. ಖರ್ಚು ಏನಿಲ್ಲ. ಹೊಸ ನಿಯಮಗಳು ಪೂರ್ತಿ ಜಾರಿಯಾದ ಮೇಲೆ 90 ದಿನದೊಳಗೆ ಕಂಪನಿ ದೂರು ಬಗೆಹರಿಸಬೇಕು. ಈ ಮೆಟ್ಟಿಲು ಹತ್ತದೆ ಮಂಡಳಿಗೆ ನೇರವಾಗಿ ಹೋಗುವಂತಿಲ್ಲ.

ಬ್ಯಾಂಕ್ ಅಥವಾ ಸಾಲದ ಕಂಪನಿಯಾದರೆ, ಅವರಿಗೆ ದೂರು ಕೊಟ್ಟು 30 ದಿನ ಕಾಯಿರಿ. ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಿ. ಒಂಬುಡ್ಸ್‌ಮನ್ ಎಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿ. ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಸಾಲದ ಆ್ಯಪ್‌ಗಳು ನಿಮ್ಮ ನಂಬರ್ ಪಟ್ಟಿ, ಫೋಟೋ, ಕರೆ ವಿವರಗಳಿಗೆ ಕೈಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ.

ವಿಮೆಯ ವಿಷಯವಾದರೆ ವಿಮಾ ಪ್ರಾಧಿಕಾರದ 'ಬಿಮಾ ಭರೋಸಾ' ಜಾಲತಾಣ ಅಥವಾ 155255. ಇದಕ್ಕೂ ಶುಲ್ಕವಿಲ್ಲ.

ನಂಬಿಕೆಯಿಂದ ಕೊಟ್ಟ ಮಾಹಿತಿಯನ್ನು ಕಂಪನಿ ಬೇರೆಯವರಿಗೆ ಕೊಟ್ಟಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅದು 'ಅನುಚಿತ ವ್ಯಾಪಾರ ಪದ್ಧತಿ'. ಕೃಷ್ಣಗಿರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹೂಡಬಹುದು. ನೀವು ಆ ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿನ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಪರಿಹಾರ ನಿಮ್ಮ ಕೈಗೇ ಬರುವ ದಾರಿ ಇದಾದ್ದರಿಂದ ಇದನ್ನು ನೆನಪಿಡಿ.

43ಎ ಅರ್ಜಿಗೆ ಮಾತ್ರ ನೀವು ಕೇಳುವ ಪರಿಹಾರದ ಮೊತ್ತಕ್ಕೆ ತಕ್ಕಂತೆ ಶುಲ್ಕವಿದೆ. ದೊಡ್ಡ ನಷ್ಟವಾಗಿದ್ದರೆ ವಕೀಲರನ್ನು ಕೇಳಿ ಮುಂದುವರಿಯಿರಿ.

ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಡದ ಮಾರಾಟದ ಕರೆಗಳಿಗೆ 1909. ಆಧಾರ್ ಬೆರಳಚ್ಚಿಗೆ ಬೀಗ ಹಾಕಿಸುವುದು ಹೇಗೆಂದು ತಿಳಿಯಲು 1947.

ಇನ್ನು ಕೆಲವು ಅನುಮಾನಗಳು

ಅಂಗಡಿಯಲ್ಲಿ ಬಿಲ್ ಮಾಡಲು ಫೋನ್ ನಂಬರ್ ಕೊಡಲೇಬೇಕೇ? ಬೇಡ. ಹಾಗೆ ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಸೂಚನೆ ಕೊಟ್ಟಿದೆ.

ತಮಿಳುನಾಡಿನಲ್ಲಿರುವ ನನಗೆ ಷರತ್ತುಗಳು ಕನ್ನಡದಲ್ಲಿ ಸಿಗುತ್ತವೆಯೇ? ಹೊಸ ಕಾಯ್ದೆ ಪೂರ್ತಿ ಜಾರಿಯಾದ ಮೇಲೆ ಸಿಗಲೇಬೇಕು. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ನಿಮ್ಮದು. ನೀವು ಯಾವ ರಾಜ್ಯದಲ್ಲಿದ್ದೀರಿ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ತಳಿಯವರಾಗಲಿ, ಡೆಂಕಣಿಕೋಟೆಯವರಾಗಲಿ ಕನ್ನಡದಲ್ಲೇ ಕೊಡಿ ಎಂದು ಕೇಳಬಹುದು.

ಸರ್ಕಾರಕ್ಕೂ ಈ ದಂಡ ಬೀಳುತ್ತದೆಯೇ? ಕಾಯ್ದೆ ಸರ್ಕಾರಿ ಇಲಾಖೆಗಳಿಗೂ ತಾಗುತ್ತದೆ. ಆದರೆ ದೇಶದ ಭದ್ರತೆಯಂಥ ಕಾರಣಕ್ಕೆ ಯಾವುದೇ ಸರ್ಕಾರಿ ಸಂಸ್ಥೆಗೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರಕ್ಕಿದೆ. ಈ ಕಲಮಿನ ಮೇಲೆ ಟೀಕೆ ಬಹಳ ಇದೆ.

ದೂರು ಕೊಟ್ಟರೆ ನನಗೇ ದಂಡ ಬೀಳಬಹುದೇ? ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟರೆ 10 ಸಾವಿರ ರೂಪಾಯಿವರೆಗೆ ಬೀಳಬಹುದು. ನಿಜವಾದ ದೂರಿಗೆ ಹೆದರಬೇಕಿಲ್ಲ. ಅದಕ್ಕೇ ಸ್ಕ್ರೀನ್‌ಶಾಟ್, ಇಮೇಲ್, ಕರೆ ಬಂದ ದಿನಾಂಕಗಳನ್ನು ಜೋಪಾನ ಮಾಡಿ.

ನಾನೊಬ್ಬ ದೂರು ಕೊಟ್ಟರೆ ಏನಾದೀತು? ಒಂದು ದೂರಿನಿಂದ ಮೆಟಾ, ಗೂಗಲ್‌ಗಳು ಅಲುಗಾಡುವುದಿಲ್ಲ, ನಿಜ. ಆದರೆ ತಪ್ಪು ಎಷ್ಟು ಸಲ ಆಯಿತು, ಎಷ್ಟು ಜನರಿಗೆ ತಟ್ಟಿತು ಎಂದು ಮಂಡಳಿ ನೋಡುವಾಗ ಬರೆದು ಕೊಟ್ಟ ದೂರುಗಳು ಎಣಿಕೆಗೆ ಸಿಗುತ್ತವೆ. ಮನಸ್ಸಿನಲ್ಲೇ ಬೈದುಕೊಂಡದ್ದು ಯಾವ ಕಡತಕ್ಕೂ ಸೇರುವುದಿಲ್ಲ.

ಹಾಗಾಗಿ 2027ರ ಮೇವರೆಗೆ ಕಾಯದೆ ಈಗಲೇ ಎರಡು ಕೆಲಸ ಮಾಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಪರ್ಮಿಷನ್', ಅಂದರೆ ಅನುಮತಿಗಳ ಪಟ್ಟಿ ತೆರೆದು, ಯಾವ ಆ್ಯಪ್‌ಗೆ ನಿಮ್ಮ ಜಾಗ, ನಂಬರ್ ಪಟ್ಟಿ, ಮೈಕ್ ಬೇಕಿಲ್ಲವೋ ಅದನ್ನೆಲ್ಲ ನಿಲ್ಲಿಸಿ. ಆಮೇಲೆ ನೀವು ಬಳಸದ ಆ್ಯಪ್‌ಗಳಲ್ಲಿ ಖಾತೆ ಅಳಿಸಿ. ಬರೀ ಆ್ಯಪ್ ತೆಗೆದರೆ ಖಾತೆಯೂ ಅದರಲ್ಲಿನ ಮಾಹಿತಿಯೂ ಕಂಪನಿಯಲ್ಲೇ ಉಳಿಯುತ್ತವೆ. ಅಳಿಸಲು ಒಪ್ಪದ ಕಂಪನಿಗೆ ಒಂದು ಇಮೇಲ್ ಬರೆಯಿರಿ. ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು ಯಾವುದೆಂದು ಮೇಲಿನ ಪಟ್ಟಿಯಲ್ಲಿದೆ.